ಬೆಸುಗೆಯ ಪಕ್ಕದ ಬೆರಳಗಲ

ಸೀತಾಂಗೋಳಿ
11-2-2025, ಮಂಗಳವಾರ

ಚಿರಂಜೀವಿ ಧನರಾಜನಿಗೆ,

ಅಪ್ಪನ ಆಶೀರ್ವಾದಗಳು. ನಾನು, ಅಮ್ಮ, ನಿನ್ನ ಹೆಂಡತಿ ಪೂಜಾಶ್ರೀ ಮೂವರೂ ಮನೆಯಲ್ಲಿದ್ದೇವೆ. ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಅದನ್ನು ಬರೆಯಲು ಕೈ ಬರಲಿಲ್ಲ. ಕೊಯಮತ್ತೂರಿನ ಲಾಡ್ಜಿನಲ್ಲಿ ನಿನಗೆ ಊಟ, ನಿದ್ದೆ ಸರಿಯಾಗಿ ಆಗುತ್ತಿದೆ ಎಂದು ನಂಬಿದ್ದೇನೆ. ಪೂಜಾಶ್ರೀಯ ಶೀತ ಕಡಿಮೆಯಾಗಿದೆ, ಚಿಂತೆ ಬೇಡ.

ತಡವಾದದ್ದಕ್ಕೆ ಕ್ಷಮಿಸು. ಹೊರಟ ಮರುದಿನವೇ ನೀನು ನನ್ನ ಫೋನಿಗೆ ಸಂದೇಶ ಕಳಿಸಿದ್ದೆ. ಶಾರ್ಜಾದಲ್ಲಿ ಇಪ್ಪತ್ತಾರು ವರ್ಷ ಭಾರ ಎತ್ತುವ ಬೆಲ್ಟುಗಳನ್ನು ಪರೀಕ್ಷೆ ಮಾಡಿದವನು ಎಂಬ ನೆಲೆಯಲ್ಲಿ, ಹಾಸಿಗೆ ಹಿಡಿದವರನ್ನು ಎತ್ತುವ ನಿನ್ನ ಹೊಸ ಬೆಲ್ಟು ಪಾಸಾಗಿದೆ ಎಂದು ಒಂದು ಪುಟ ಬರೆದು ಸಹಿ ಹಾಕಿ ಕೊಡಬೇಕು, ವಿದ್ಯಾನಗರದ ಸರಕಾರಿ ಕಚೇರಿಯ ಫೈಲಿಗೆ ಅದೊಂದು ಕಾಗದ ಸೇರಿದರೆ ಹದಿನೇಳನೇ ತಾರೀಕು ಸೋಮವಾರ ಅರವತ್ತು ಬೆಲ್ಟು ಅರವತ್ತು ಮನೆಗೆ ಹೋಗುತ್ತದೆ ಎಂದು. ಹನ್ನೊಂದು ದಿನ ಆಯಿತು. ನಡುವೆ ನೀನು ನಾಲ್ಕು ಸಲ ಫೋನ್ ಮಾಡಿ ಕೇಳಿದೆ, ನಾಲ್ಕು ಸಲವೂ ಕನ್ನಡಕ ಸಿಗುತ್ತಿಲ್ಲ ಎಂದೆ. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಈಗ ಬರೆಯುತ್ತಿರುವುದು ನೀನು ಕೇಳಿದ ಕಾಗದವಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಕಿರುಚುತ್ತೇನೆ, ನೀನು “ಆಮೇಲೆ ಮಾಡ್ತೇನೆ ಅಪ್ಪ” ಎಂದು ಇಡುತ್ತೀ. ಕಾಗದವನ್ನು ನಡುವೆ ಕತ್ತರಿಸಲಿಕ್ಕಾಗುವುದಿಲ್ಲ. ನಾಳೆಯೇ ಕೈಸೇರಲಿ ಎಂದು ಕೊರಿಯರಿನಲ್ಲಿ ಕಳಿಸುತ್ತೇನೆ, ಕೂತು ಕೊನೆಯವರೆಗೆ ಓದು.

ಕಳೆದ ಗುರುವಾರ ನಿನ್ನ ಶೆಡ್ಡಿಗೆ ಹೋಗಿದ್ದೆ. ಬಾಗಿಲು ದೂಡುವ ಮೊದಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗಂಟಲಿಗೆ ಇಳಿಯಿತು. ಒಳಗೆ ಲೋಕಯ್ಯನ ಹೊಲಿಗೆ ಮೆಷಿನಿಗೆ ಗೋಣಿ ಹೊದಿಸಿ ಮೂಲೆಗೆ ಇಟ್ಟಿದ್ದೀರಿ. ಅದರ ಮೇಲೆ ಯಾರೋ ಚಹಾದ ಗ್ಲಾಸು ಇಟ್ಟು ಹೋಗಿದ್ದರು, ಅದರಲ್ಲಿ ನೊಣ ಬಿದ್ದಿತ್ತು. ಹದಿನೆಂಟು ವರ್ಷ ಪಟ್ಟಿ ಹೊಲಿದ ಮನುಷ್ಯನ ಮೆಷಿನು. ಅವನನ್ನು ಕಳಿಸಿದ್ದು ಯಾಕೆಂದು ಕೇಳಿದ್ದಕ್ಕೆ ನಿನ್ನ ಪಾರ್ಟ್ನರ್ ವಿನೀತ್ ಮಹಾಶಯರು ನಗುತ್ತಾ ಉತ್ತರ ಕೊಟ್ಟರು: “ಅಂಕಲ್, ಈಗ ಯಾರೂ ಹೊಲಿಗೆ ನೋಡುವುದಿಲ್ಲ. ಫಿನಿಶಿಂಗ್ ನೋಡುವುದು.” ಕಾಯಿಲೆಯವರನ್ನು ಎತ್ತುವ ಬೆಲ್ಟಿಗೆ ಫಿನಿಶಿಂಗ್ ಅಂತೆ. ಅಸಹ್ಯ ಆಯಿತು ನನಗೆ.

ಆಮೇಲೆ ಆತ ನನಗೆ ಪಾಠ ಮಾಡಿದ. ಪಟ್ಟಿಗಳನ್ನು ಬಿಸಿಮಾಡಿ ಬೆಸೆಯುವ ಹೊಸ ಮೆಷಿನಿನ ಶಾಖ ಮೊದಲು ಕಡಿಮೆ ಇಟ್ಟಿದ್ದರಂತೆ, ಆಗ ಎರಡು ಪಟ್ಟಿ ಕೂಡಿದ ಜಾಗ ಹಪ್ಪಳದ ಹಾಗೆ ಬಿಟ್ಟುಕೊಂಡು ಬರುತ್ತಿತ್ತಂತೆ. ಅದಕ್ಕೆ ಶಾಖ ಏರಿಸಿದರಂತೆ. ಆಗಲೂ ಒಂದೆರಡು ಬಿಟ್ಟಾಗ ಇನ್ನೂ ಏರಿಸಿದರಂತೆ. ಈಗ ಸ್ಕ್ರೂ ಡ್ರೈವರ್ ಹಾಕಿ ಮೀಟಿದರೂ ಬಿಡುವುದಿಲ್ಲ ಎಂದು ಒಂದನ್ನು ಮೀಟಿ ತೋರಿಸಿದ. ನಿಜ, ಬಿಡಲಿಲ್ಲ. ಕಲ್ಲಿನ ಹಾಗೆ ಕೂತಿತ್ತು. ಇದೇ ನಿಮ್ಮ ಪರೀಕ್ಷೆಯೇ ಎಂದು ಕೇಳಿದೆ. ಹೌದು, ಧನರಾಜಣ್ಣನೂ ಹೀಗೇ ನೋಡುವುದು ಎಂದ. ನಿನ್ನನ್ನು ಸಮಾ ಬೈದುಬಿಡಬೇಕೆನಿಸಿತು, ನೀನು ಎದುರಿಗಿರಲಿಲ್ಲ.

ನಿನ್ನ ವೀಡಿಯೋವನ್ನೂ ಅಲ್ಲೇ ತೋರಿಸಿದ. ಕೊಳಲಿನ ಸಂಗೀತ ಬೇರೆ ಹಾಕಿದ್ದೀರಿ. ಅಮ್ಮ ಬೆಲ್ಟಿನಲ್ಲಿ ತೂಗುತ್ತಾ ಮಂಚದಿಂದ ಗಾಲಿಕುರ್ಚಿಗೆ ಬರುತ್ತಾಳೆ, ಸೊಟ್ಟಗಾದ ಬಾಯಲ್ಲೇ ನಗುತ್ತಾಳೆ. ಕೊನೆಗೆ ನನ್ನ ಮುಖ ಬರುತ್ತದೆ, “ಒಳ್ಳೆದುಂಟು” ಎನ್ನುತ್ತೇನೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ, ಗಲ್ಫಿನ ಪರೀಕ್ಷಕರಿಂದ ಪಾಸಾದದ್ದು ಎಂಬ ಸಾಲು. ಹಾಸಿಗೆ ಹಿಡಿದ ಹೆಂಗಸಿನ ನಗೆಯನ್ನು ಹೀಗೆ ಮಾರಿದ್ದು ನೋಡಿ ನನಗೆ ಹೇಸಿಗೆ ಆಯಿತು. ನನ್ನ ಮುಖ ನೋಡಿ ಇನ್ನೂ ಹೆಚ್ಚು ಆಯಿತು.

ಭಾನುವಾರ ಲೋಕಯ್ಯನನ್ನು ಮನೆಗೆ ಕರೆಸಿದೆ. ಕೆಲಸ ಹೋದ ಸಿಟ್ಟು ಅವನಿಗೆ ಇದ್ದೇ ಇದೆ, ಆದರೂ ಬಂದ. ಹಟ್ಟಿಯ ಜಂತಿಗೆ ಸರಪಳಿ ಕಟ್ಟಿ, ಅದಕ್ಕೆ ಪಟ್ಟಿ ಸಿಕ್ಕಿಸಿ, ಪಟ್ಟಿಯ ಕೆಳಗೆ ಒಂದು ಹಲಗೆ ತೂಗುಹಾಕಿದೆವು. ಕಾಂಪೌಂಡು ಕಟ್ಟಿ ಉಳಿದ ಕೆಂಪುಕಲ್ಲುಗಳು ಹಿಂದೆ ಬಿದ್ದಿವೆಯಲ್ಲ, ಅವನ್ನು ಒಂದೊಂದಾಗಿ ಹಲಗೆಯ ಮೇಲೆ ಏರಿಸಿದೆವು. ಒಂದೊಂದು ಕಲ್ಲು ಮೂವತ್ತು ಕಿಲೋದ ಹತ್ತಿರ ಬರುತ್ತದೆ. ಮೂರೂ ಪಟ್ಟಿ ನಿನ್ನದೇ ಶೆಡ್ಡಿನ ಒಂದೇ ಸುರುಳಿಯದು. ಒಂದನ್ನು ಲೋಕಯ್ಯ ಅವತ್ತು ಬೆಳಿಗ್ಗೆ ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಗೀಟು ಹೊಲಿದಿದ್ದ. ಇನ್ನೊಂದು ಹೊಸದು, ಬೆಸುಗೆ ಹಾಕಿದ್ದು, ವಿನೀತನ ಕಟ್ಟಿನಿಂದ ತಂದದ್ದು. ಮೂರನೆಯದು ಹದಿನೆಂಟು ದಿನದಿಂದ ಅಮ್ಮನನ್ನು ಎತ್ತುತ್ತಿದ್ದ ಬೆಸುಗೆಯ ಬೆಲ್ಟಿನ ನಾಲ್ಕು ಪಟ್ಟಿಗಳಲ್ಲಿ ಒಂದು, ಬಿಚ್ಚಿ ತಂದದ್ದು.

ಹೊಲಿದ ಪಟ್ಟಿ ಏಳು ಕಲ್ಲಿಗೂ ಜಪ್ಪಯ್ಯ ಅನ್ನಲಿಲ್ಲ. ಜಂತಿ ಕಿರುಗುಟ್ಟಿತು, ನಾವೇ ಹೆದರಿ ನಿಲ್ಲಿಸಿದೆವು. ಬೆಸುಗೆಯ ಹೊಸ ಪಟ್ಟಿ ನಾಲ್ಕನೇ ಕಲ್ಲಿಗೆ ಹೋಯಿತು. ಅಮ್ಮನ ಬೆಲ್ಟಿನ ಪಟ್ಟಿ ಎರಡನೇ ಕಲ್ಲು ಇಡುತ್ತಿರುವಾಗಲೇ ಹೋಯಿತು. ಎರಡು ಕಲ್ಲು ಎಂದರೆ ನಿನ್ನ ಅಮ್ಮ. ಬೆಲ್ಟಿಗೆ ನಾಲ್ಕು ಪಟ್ಟಿ ಉಂಟು, ಭಾರ ಹಂಚಿಹೋಗುತ್ತದೆ ಎಂದು ನೀನು ಹೇಳುತ್ತೀ. ಅರ್ಧ ಮೈ ಸ್ವಾಧೀನವಿಲ್ಲದವಳು ಒಂದು ಕಡೆಗೆ ವಾಲಿದಾಗ ಎಲ್ಲ ಭಾರ ಒಂದೇ ಮೂಲೆಗೆ ಬೀಳುತ್ತದೆ ಎಂದು ನಿನಗೆ ಗೊತ್ತಿಲ್ಲವೇ? ನೀನೇ ಎಷ್ಟು ಸಲ ಅವಳನ್ನು ನೇರ ಮಾಡಿ ಕೂರಿಸಿಲ್ಲ?

ಎರಡು ಪಟ್ಟಿಯೂ ಹರಿದದ್ದು ಎಲ್ಲಿ ಎಂದು ಕೇಳು. ಬೆಸುಗೆಯಲ್ಲಿ ಅಲ್ಲ. ಬೆಸುಗೆ ಮುಗಿದು ಪಟ್ಟಿ ಶುರುವಾಗುವಲ್ಲಿ, ಒಂದು ಬೆರಳಗಲದ ಒಳಗೆ. ಲೋಕಯ್ಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: “ಭುಜಂಗಣ್ಣ, ಕೂಡಿಸಿದ್ದು ಗಟ್ಟಿಯೇ ಉಂಟು. ಪಟ್ಟಿಯೇ ಸತ್ತು ಹೋಗಿದೆಯಲ್ಲ ಮಾರಾಯ್ರೆ.” ಓದಿದವರು ಹೇಳುವುದಕ್ಕಿಂತ ಸರಿಯಾಗಿ ಹೇಳಿದ.

ಯಾಕೆ ಹಾಗಾಗುತ್ತದೆ ಎಂದು ನಾನು ನಿನಗೆ ಯಾವತ್ತೂ ಕೂರಿಸಿ ಹೇಳಿಕೊಡಲಿಲ್ಲ, ಅದು ನನ್ನ ತಪ್ಪು. ಈಗ ಕೇಳು. ಈ ಪ್ಲಾಸ್ಟಿಕ್ ನೂಲನ್ನು ಕಾರ್ಖಾನೆಯಲ್ಲಿ ಕರಗಿಸಿ ಸಣ್ಣ ತೂತುಗಳಿಂದ ಇಳಿಸುತ್ತಾರೆ, ನಮ್ಮ ಮನೆಯಲ್ಲಿ ಸೇಮಿಗೆ ಒತ್ತಿದ ಹಾಗೆಯೇ. ಆಗ ಅದಕ್ಕೆ ಬಲ ಎಂಬುದೇ ಇಲ್ಲ. ಆಮೇಲೆ ಅದನ್ನು ಎಳೆಯುತ್ತಾರೆ, ಇದ್ದ ಉದ್ದದ ನಾಲ್ಕು ಪಟ್ಟು, ಐದು ಪಟ್ಟು ಆಗುವವರೆಗೆ. ಒಳಗೆ ಅಡ್ಡಾದಿಡ್ಡಿ ಸುತ್ತಿಕೊಂಡ ಅಣುಗಳ ಸರಪಳಿಗಳು ಆಗ ಎಳೆದ ದಿಕ್ಕಿಗೇ ಸಾಲಾಗಿ ಮಲಗುತ್ತವೆ. ಬಲ ಬರುವುದು ಆ ಸಾಲಿನಿಂದ, ಪ್ಲಾಸ್ಟಿಕ್ಕಿನಿಂದ ಅಲ್ಲ. ಬಕೆಟು ಮಾಡುವುದೂ ಅದೇ ಪ್ಲಾಸ್ಟಿಕ್ಕಿನಿಂದ, ಬಕೆಟಿನ ಕಿವಿ ಎಷ್ಟು ದಿನ ಬಾಳುತ್ತದೆ ಎಂದು ನಿನಗೆ ಗೊತ್ತುಂಟು.

ನೀನು ಅದಕ್ಕೆ ಶಾಖ ಕೊಟ್ಟು ಒತ್ತಿದಾಗ, ಕರಗಿದ ಜಾಗದಲ್ಲಿ ಆ ಸಾಲು ಮುರಿದು ಎಲ್ಲ ಮೊದಲಿನ ಮುದ್ದೆಯಾಗುತ್ತದೆ. ಎಳೆದ ಶ್ರಮವೆಲ್ಲ ನೀರಿನಲ್ಲಿ ಹೋಮ. ಬೆಸುಗೆಯಲ್ಲಿ ಎರಡು ಪದರ ಸೇರಿ ದಪ್ಪ ಇರುವುದರಿಂದ ಅದು ಹೇಗೋ ತಡೆಯುತ್ತದೆ. ಆದರೆ ಶಾಖ ಅಚ್ಚಿನ ಗೀಟಿಗೆ ಬಂದು ನಿಲ್ಲುವುದಿಲ್ಲ, ಪಕ್ಕಕ್ಕೂ ಹರಿಯುತ್ತದೆ. ಅಲ್ಲಿ ಪಟ್ಟಿ ನೋಡಲು ಪಟ್ಟಿಯೇ, ನೇಯ್ಗೆ ನೇಯ್ಗೆಯೇ. ಒಳಗೆ ಎಳೆ ಸಡಿಲಾಗಿ ಪೆಡಸಾಗಿರುತ್ತದೆ. ಮೇಲಾಗಿ ಒಂದು ಕಡೆ ಗಟ್ಟಿ ಬಿಲ್ಲೆ, ಇನ್ನೊಂದು ಕಡೆ ಮೆತ್ತಗಿನ ಪಟ್ಟಿ. ಪ್ರತಿಸಲ ಎತ್ತಿ ಇಳಿಸುವಾಗಲೂ ಅದೇ ಗೆರೆಯಲ್ಲಿ ಮಡಚುತ್ತದೆ. ದಿನಕ್ಕೆ ನಾಲ್ಕು ಸಲ ಮಡಚಿದರೆ ಹದಿನೆಂಟು ದಿನಕ್ಕೆ ಏನಾಗುತ್ತದೆ ಎಂದು ಎರಡನೇ ಕಲ್ಲು ಹೇಳಿತು.

ಶಾಖ ಕಡಿಮೆಯಾದರೆ ಬೆಸುಗೆ ಬಿಡುತ್ತದೆ, ಹೆಚ್ಚಾದರೆ ಪಟ್ಟಿ ಹರಿಯುತ್ತದೆ. ನಡುವೆ ಒಂದು ಸಣ್ಣ ಓಣಿ ಉಂಟು. ಅದನ್ನು ಹುಡುಕಲು ಎಳೆದು ಹರಿಯುವ ಮೆಷಿನು ಬೇಕು, ನೂರು ತುಂಡು ಹರಿಯುವ ತಾಳ್ಮೆ ಬೇಕು. ಆ ಓಣಿಯಲ್ಲಿ ಮಾಡಿದ ಬೆಸುಗೆಯಲ್ಲೂ ಸ್ವಲ್ಪ ಬಲ ಹೋಗಿಯೇ ಹೋಗುತ್ತದೆ, ಅದನ್ನು ಲೆಕ್ಕ ಹಿಡಿದು ಪಟ್ಟಿ ದಪ್ಪ ಮಾಡಬೇಕು. ಶಾರ್ಜಾದಲ್ಲಿ ನಮ್ಮ ನಿಯಮ ಏಳು ಪಟ್ಟು ಬಲದ್ದು. ಒಂದು ಟನ್ ಎತ್ತುವ ಬೆಲ್ಟು ಏಳು ಟನ್ ತಡೆಯಬೇಕು. ಅಲ್ಲಿ ನಾವು ಎತ್ತಿದ್ದು ಕಬ್ಬಿಣ, ಸಿಮೆಂಟು. ಇಲ್ಲಿ ನೀವು ಎತ್ತುವುದು ಮನುಷ್ಯರನ್ನು, ಪರೀಕ್ಷೆ ಮಾಡುವುದು ಸ್ಕ್ರೂ ಡ್ರೈವರಿನಿಂದ.

ಈ ಮೂರ್ಖತನ ಎಲ್ಲಿಂದ ಬಂತೆಂದೂ ಯೋಚಿಸಿದೆ. ನಮ್ಮೂರಲ್ಲಿ ಪ್ಲಾಸ್ಟಿಕ್ ಹಗ್ಗ ಕೊಯ್ದವನು ತುದಿಗೆ ಬೆಂಕಿಕಡ್ಡಿ ಗೀರದೆ ಬಿಡುವುದಿಲ್ಲ. ದನದ ಹಗ್ಗ, ಬಾವಿಯ ಹಗ್ಗ, ಟರ್ಪಾಲಿನ ಹಗ್ಗ, ಎಲ್ಲದರ ತುದಿಯೂ ಕಪ್ಪು ಗುಂಡಿ. ನಿನಗೂ ನಾನೇ ಕಲಿಸಿದ್ದು. ರಜೆಯಲ್ಲಿ ಬಂದಾಗ ಹಟ್ಟಿಯ ಮುಂದೆ ಕೂತು ಕರಗಿದ ತುದಿಯನ್ನು ಉಗುಳು ಹಚ್ಚಿದ ಬೆರಳಿನಲ್ಲಿ ಉರುಟು ಮಾಡಿ ತೋರಿಸಿದ್ದೆ, ನೀನು ಬೆರಳು ಸುಟ್ಟುಕೊಂಡಿದ್ದೆ. ತುದಿ ಬಿಚ್ಚಿಹೋಗದ ಹಾಗೆ ಬೆಂಕಿ ತಡೆಯುತ್ತದೆ, ಅಷ್ಟೇ. ತುದಿಗೆ ಭಾರ ಇಲ್ಲ. ಬೆಂಕಿ ಮುಟ್ಟಿಸಿದರೆ ಹಗ್ಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಮಾತ್ರ ಎಲ್ಲರ ತಲೆಯಲ್ಲಿ ಹಾಗೇ ಉಳಿದಿದೆ. ನೀನು ಆ ನಂಬಿಕೆಗೆ ಮೆಷಿನು ಕೊಂಡು ಕೂರಿಸಿದ್ದೀ, ಈಗ ಎರಡನೆಯದನ್ನು ನೋಡಲು ಕೊಯಮತ್ತೂರಿಗೆ ಹೋಗಿದ್ದೀ.

ಪ್ರಯೋಗಕ್ಕೆಂದು ಮೂರು ಮನೆಗೆ ಕೊಟ್ಟಿದ್ದೀರಲ್ಲ. ಇಲ್ಲಿಯ ಎರಡು ಮನೆಯಿಂದ ಬೆಲ್ಟನ್ನು ಭಾನುವಾರ ಸಂಜೆಯೇ ಹಿಂದೆ ತಂದೆ. ನಿನ್ನೆ ಲೋಕಯ್ಯನನ್ನು ಕರೆದುಕೊಂಡು ಬಸ್ಸಿನಲ್ಲಿ ಪೆರ್ಲಕ್ಕೆ ಹೋದೆ. ಮೂರನೆಯದು ಅಲ್ಲಿಯ ಶ್ರೀರಂಜಿನಿ ಟೀಚರ್ ಮನೆ. ಅವರ ತಂದೆ ಮೂರು ವರ್ಷದಿಂದ ಮಲಗಿದಲ್ಲೇ ಇದ್ದಾರೆ, ಮನೆಯಲ್ಲಿ ಇಬ್ಬರೇ. ನಾನು ಬೆಲ್ಟು ವಾಪಸು ಕೊಡಿ ಎಂದರೆ ಆಕೆ ಕೊಡಲಿಲ್ಲ. ಈ ಬೆಲ್ಟು ಬರುವ ಮೊದಲು ತಂದೆಯನ್ನು ಎತ್ತಲು ಪಕ್ಕದ ಮನೆಯವರು ಕೆಲಸದಿಂದ ಬರುವವರೆಗೆ ಕಾಯಬೇಕಿತ್ತಂತೆ, ಅಷ್ಟು ಹೊತ್ತು ಅವರು ಒದ್ದೆಯಲ್ಲೇ ಮಲಗಿರುತ್ತಿದ್ದರಂತೆ. ಈಗ ಆಕೆ ಒಬ್ಬಳೇ ಎತ್ತುತ್ತಾಳೆ. ದೋಷ ಉಂಟು ಎಂದೆ. ಆಕೆ ಫೋನು ತೆಗೆದು ನಿನ್ನ ವೀಡಿಯೋ ಹಾಕಿ ನನ್ನ ಮುಖಕ್ಕೆ ಹಿಡಿದಳು. “ಒಳ್ಳೆದುಂಟು ಅಂತ ಹೇಳಿದ್ದು ನೀವೇ ಅಲ್ವಾ? ನಿಮ್ಮನ್ನು ನೋಡಿಯೇ ನಾನು ಅಪ್ಪನನ್ನು ಇದರಲ್ಲಿ ಎತ್ತಿದ್ದು.”

ಲೋಕಯ್ಯ ಮಧ್ಯೆ ಬಂದು, ಬೆಲ್ಟು ತೆಗೆದುಕೊಂಡು ಹೋಗುವುದಿಲ್ಲ, ಇಲ್ಲಿಯೇ ಸರಿಮಾಡಿ ಕೊಡುತ್ತೇವೆ ಎಂದು ಸಮಾಧಾನ ಮಾಡಿದ. ಜಗಲಿಯಲ್ಲಿ ಕೂತು ಸುಟ್ಟ ಭಾಗವನ್ನೆಲ್ಲ ಕೊಯ್ದು ತೆಗೆದು, ದಬ್ಬಣ ಮತ್ತು ಮೇಣ ಹಚ್ಚಿದ ದಪ್ಪ ನೂಲಿನಲ್ಲಿ ನಾಲ್ಕೂ ಮೂಲೆ ಕೈಯಲ್ಲೇ ಹೊಲಿದ. ಎರಡೂವರೆ ಗಂಟೆ ಹಿಡಿಯಿತು. ನಾನು ಪಟ್ಟಿ ಹಿಡಿದುಕೊಂಡು ಕೂತಿದ್ದೆ. ಟೀಚರ್ ಮಜ್ಜಿಗೆ ತಂದುಕೊಟ್ಟಳು, ಊಟಕ್ಕೂ ಏಳಿಸಿದಳು. ನಾನು ಅರ್ಧಕ್ಕೇ ಕೈತೊಳೆದೆ. ಹೊರಡುವಾಗ ಕೈಮುಗಿದಳು ಬೇರೆ.

ವಿದ್ಯಾನಗರದ ಕಚೇರಿಯ ವಿಷಯ ನೀನೇ ಹೇಳಿದ್ದೆ. ಗುಮಾಸ್ತ ಬೆಲ್ಟನ್ನು ಎರಡು ಕೈಯಲ್ಲಿ ಎಳೆದು ನೋಡಿ, ಮಲಯಾಳದಲ್ಲಿ “ಕೊಳ್ಳಾಂ”, ಒಳ್ಳೆದುಂಟು ಎಂದು ಮೇಜಿನ ಮೇಲೆ ಇಟ್ಟನಂತೆ, ಪರೀಕ್ಷಕರ ಕಾಗದವೊಂದು ಇದ್ದರೆ ಸಾಕು ಎಂದನಂತೆ. ನೀನು ಅದನ್ನು ನಗುತ್ತಾ ಹೇಳಿದೆ. ಅವನ ಕೈ ಬಲ, ವಿನೀತನ ಸ್ಕ್ರೂ ಡ್ರೈವರು, ಭುಜಂಗನ ಸಹಿ, ಈ ಮೂರರ ಮೇಲೆ ಅರವತ್ತು ಜನ ಮಂಚದಿಂದ ಮೇಲೇಳಬೇಕು. ಅವರಲ್ಲಿ ಬಿದ್ದವರು ಕೂಗಲಿಕ್ಕೂ ಆಗದವರು ಎಷ್ಟು ಮಂದಿ ಇದ್ದಾರೋ. ಯೋಚಿಸಿದಷ್ಟೂ ಹೇಸಿಗೆಯಾಗುತ್ತದೆ.

ನಿನ್ನಲ್ಲಿ ಕಳ್ಳತನ ಇಲ್ಲ ಎಂದು ನನಗೆ ಗೊತ್ತು. ಅಮ್ಮ ಲಕ್ವ ಹೊಡೆದು ಬಿದ್ದ ವರ್ಷ ನನ್ನ ಬೆನ್ನು ಹಿಡಿದುಕೊಂಡಾಗ, ನೀನು ಮತ್ತು ಲೋಕಯ್ಯ ಮೂರು ದಿನ ಕೂತು ಮೊದಲ ಬೆಲ್ಟು ಹೊಲಿದಿರಿ. ನಾನು ಮಂಚದ ಮೇಲೆ ಚೈನ್ ಪುಲ್ಲಿ ಕೂರಿಸಿದೆ. ಅಮ್ಮನನ್ನು ಕುರ್ಚಿಗೆ ಇಳಿಸಿದಾಗ ನೀನು ಅತ್ತದ್ದನ್ನು ನಾನು ಮರೆತಿಲ್ಲ. ಹದಿನಾಲ್ಕು ತಿಂಗಳು ಅದು ಅವಳನ್ನು ಎತ್ತಿತು. ಇನ್ನೊಬ್ಬರ ಮನೆಗೂ ಹೋಗಲಿ ಎಂದು ಶುರುಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಹೊಲಿಗೆ ತಡ, ಬೆಸುಗೆ ಬೇಗ ಎಂಬಲ್ಲಿಗೆ ಬಂದಾಗ ನೀನು ಒಂದು ಪಟ್ಟಿಯನ್ನಾದರೂ ಹರಿದು ನೋಡಬೇಕಿತ್ತು.

ಈಗ ನಾನು ಹೇಳುವುದು ಇಷ್ಟು. ಅರವತ್ತೂ ಬೆಲ್ಟು ನಿಲ್ಲಬೇಕು. ಲೋಕಯ್ಯನ ಮನೆಗೆ ನೀನೇ ಹೋಗಿ ಕರೆಯಬೇಕು, ಫೋನು ಮಾಡಿದರೆ ಅವನು ಬರುವುದಿಲ್ಲ, ನಾನೂ ಹೋಗು ಎನ್ನುವುದಿಲ್ಲ. ಇದನ್ನು ಓದಿದ ಕೂಡಲೇ ಆ ವೀಡಿಯೋ ಅಳಿಸಿಹಾಕಬೇಕು. ಹೊಸ ಮೆಷಿನು ನೋಡಿದ್ದು ಸಾಕು, ಬಸ್ಸು ಹತ್ತು. ನನ್ನ ಸಹಿ ಸಿಗುವುದಿಲ್ಲ. ಶುಕ್ರವಾರದೊಳಗೆ ನೀನು ಬಾರದಿದ್ದರೆ, ಹರಿದ ಎರಡು ಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ವಿದ್ಯಾನಗರಕ್ಕೆ ಹೋಗಿ ಅದೇ ಮೇಜಿನ ಮೇಲೆ ಇಡುವವನು ನಾನೇ. ಊರಿನವರ ಬಾಯಲ್ಲಿ ನಿನ್ನ ಹೆಸರು ಕೆಡುತ್ತದೆ, ನನಗೆ ಗೊತ್ತು. ಕೆಡಲಿ.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಆಯುಸ್ಸು, ಆರೋಗ್ಯ ಕೊಡಲಿ, ಅದಕ್ಕಿಂತ ಮೊದಲು ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಪ್ಪ,
ಭುಜಂಗ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ನಿನ್ನ ವಿಷಯ ಎರಡೂ ಬದಿ ತುಂಬ ಬರೆದೆ, ನನ್ನದನ್ನು ಬಿಟ್ಟಿದ್ದೆ.

ಬೆಲ್ಟು ಸರಿಯಿಲ್ಲ ಎಂದು ನನಗೆ ಗೊತ್ತಾದದ್ದು ಭಾನುವಾರ ಅಲ್ಲ, ವೀಡಿಯೋ ತೆಗೆದ ದಿನವೇ. ಬೆಸುಗೆಯ ಅಂಚಿನಲ್ಲಿ ಪಟ್ಟಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಶಾರ್ಜಾದಲ್ಲಿ ಅಂಥದ್ದು ಕೈಗೆ ಬಂದರೆ ಮೆಷಿನಿಗೂ ಹಾಕದೆ ಕತ್ತರಿಯಿಂದ ತುಂಡರಿಸಿ ಬಿಸಾಡುತ್ತಿದ್ದೆ. ಆದರೆ ನೀನು ಮಂಚದ ಬಳಿ ಮೊಣಕಾಲೂರಿ ಕೊಕ್ಕೆ ಸಿಕ್ಕಿಸುತ್ತಾ, “ಹೇಗುಂಟು ಅಪ್ಪ?” ಎಂದು ನನ್ನ ಮುಖ ನೋಡಿದೆ. ನಾನು ಊರಿಗೆ ಬಂದು ಏಳು ವರ್ಷವಾಯಿತು, ನೀನು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಒಳ್ಳೆದುಂಟು ಎಂದುಬಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ನಾನು ಸುಳ್ಳು ಹೇಳಿ ಪಾಸು ಮಾಡಿದ್ದು ಅದೊಂದೇ, ಅದೂ ನಿನ್ನ ಅಮ್ಮನನ್ನು ಎತ್ತುವ ಬೆಲ್ಟನ್ನು. ಆಮೇಲೆ ಹದಿನೆಂಟು ದಿನ ಅದರಲ್ಲೇ ಅವಳನ್ನು ಎತ್ತಿದೆ.

ಭಾನುವಾರ ಪಟ್ಟಿ ಹರಿದ ಮೇಲೆ ಅವಳ ಮುಂದೆ ಕೂತು ಎಲ್ಲ ಹೇಳಿದೆ. ಅವಳಿಗೆ ಮಾತು ತಡವರಿಸುತ್ತದೆಂದು ನಿನಗೆ ಗೊತ್ತಲ್ಲ, ನಿಧಾನಕ್ಕೆ ಹೇಳಿದಳು: “ನನಗೆ ಗೊತ್ತಿತ್ತು. ಮೊದಲು ನೀವು ಎರಡು ಕೈಯಲ್ಲಿ ಚೈನು ಎಳೆಯುತ್ತಿದ್ದಿರಿ. ಆ ದಿನದಿಂದ ಒಂದೇ ಕೈಯಲ್ಲಿ ಎಳೆದು, ಇನ್ನೊಂದು ಕೈ ನನ್ನ ಸೊಂಟದ ಅಡಿಯಲ್ಲಿ ಹಿಡಿಯುತ್ತಿದ್ದಿರಿ.” ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. “ಮಗ ಮಾಡಿದ್ದಲ್ವಾ. ನೀವು ಯಾಕೆ ಸುಮ್ಮನಿದ್ದದ್ದು?” ಎಂದಳು.

ಶ್ರೀರಂಜಿನಿ ಟೀಚರ್ ಎರಡು ಕೈಯಲ್ಲೇ ಚೈನು ಎಳೆಯುತ್ತಾಳೆ, ತಂದೆಯ ಅಡಿಗೆ ಕೈ ಹಿಡಿಯುವುದಿಲ್ಲ. ನಾನು ನೋಡಿದೆ.